ಕವಚ ಚೀಲದಲ್ಲಿ ಹಿಡಿಸಬೇಕು, ದೋಸ್ತ

ಬಳ್ಳಾರಿ

ದೋಸ್ತ,

ಬೆಂಗಳೂರಿನ ಕಾಮಿಕ್ ಕಾನ್‌ಗೆ, ಅಂದರೆ ಕಾಮಿಕ್ಸ್ ಅಭಿಮಾನಿಗಳು ಪಾತ್ರಗಳ ವೇಷ ಕಟ್ಟಿ ಸೇರೋ ಆ ಮೇಳಕ್ಕೆ, ಇಬ್ಬರೂ ಪೂರ್ತಿ ಫೋಮ್ ಕವಚ ಕಟ್ಟಿಕೊಂಡೇ ಹೋಗೋಣ ಅಂತ ಬರೆದಿದ್ದೀಯ. ಬೇಡ. ಇಬ್ಬರು ಹೋದರೆ ಒಬ್ಬ ವೇಷ ಕಟ್ಟಬೇಕು, ಇನ್ನೊಬ್ಬ ಬರೀ ಕೈಯಲ್ಲಿ ಇರಬೇಕು. ಶಿರಸ್ತ್ರಾಣ ಏರಿಸಿ ಕೈಗವಸು ಹಾಕಿದ ಮೇಲೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸೋಕೂ ಆಗಲ್ಲ, ಜೇಬಿನ ಫೋನ್ ಸಿಗಲ್ಲ, ನಿನ್ನ ಕಾಲು ನಿನಗೇ ಕಾಣಲ್ಲ. ಇಂಥವನ ಜತೆ ಇರೋನಿಗೆ ಹ್ಯಾಂಡ್ಲರ್ ಅಂತಾರೆ. ಶನಿವಾರ ನೀನು ವೀರ, ನಾನು ಹ್ಯಾಂಡ್ಲರ್. ಭಾನುವಾರ ನಾನು ಬಾಹ್ಯಾಕಾಶದವನ ಬಟ್ಟೆ ಹಾಕ್ಕೋತೀನಿ, ಅದು ಮಡಚಿದರೆ ಒಂದು ಟವೆಲ್‌ನಷ್ಟು ಆಗತ್ತೆ.

ಮೊದಲು ಎದೆಯ ಅಳತೆ ತಗೋಬೇಡ, ಚೀಲದ ಅಳತೆ ತಗೋ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಇಲ್ಲಿ ಹತ್ತಿಸಿಕೊಂಡು ಬೆಳಿಗ್ಗೆ ಬೆಂಗಳೂರಲ್ಲಿ ಇಳಿಸತ್ತೆ, ಹೋಗುವಾಗ ಗಾಡಿ ಸಂಖ್ಯೆ 16591, ಬರುವಾಗ 16592. ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯೋದು, 2024ರ ನವೆಂಬರ್‌ಗೆ ಮುಂಚಿನ 120 ದಿನದ ಲೆಕ್ಕ ಮರೆತುಬಿಡು. ಕೆಳಗಿನ ಬರ್ತೇ ಬೇಕು, ಚೀಲ ಅದರಡಿ ತಳ್ಳಬೇಕಲ್ಲ. ಆಮೇಲೆ ಮೆಟ್ರೊ. ಅಲ್ಲಿ 60×45×25 ಸೆಂ.ಮೀ. ಅಳತೆ, 15 ಕೆ.ಜಿ. ತೂಕ ದಾಟಿದ ಸಾಮಾನಿಗೆ ತಕರಾರು. ಅಂದರೆ ನಿನ್ನ ಕವಚದ ಯಾವ ತುಂಡೂ 60 ಸೆಂ.ಮೀ. ಮೀರಬಾರದು. ಎದೆ ಮತ್ತು ಬೆನ್ನು ಬೇರೆ ಬೇರೆ ಮಾಡಿ, ಪಕ್ಕೆಯಲ್ಲಿ ಬಕಲ್ ಹಾಕು. ಆಗ ಊಟದ ತಟ್ಟೆ ಜೋಡಿಸಿದ ಹಾಗೆ ಒಂದರೊಳಗೊಂದು ಕೂರತ್ತೆ. ಶಿರಸ್ತ್ರಾಣದ ಹೊಟ್ಟೆಯೊಳಗೆ ಮೊಣಕೈ, ಮೊಣಕಾಲಿನ ತುಂಡು ತುರುಕು. ಕತ್ತಿ ಎರಡು ತುಂಡಾಗಿರಲಿ, ಒಳಗೆ ಪಿವಿಸಿ ಪೈಪ್, ನಡುವೆ ಪೈಪಿನದೇ ಜಾಯಿಂಟ್. ಇಡೀ ಕತ್ತಿಯನ್ನು ಕೈಯಲ್ಲಿ ಹಿಡಿದು ಮೆಟ್ರೊ ಸ್ಕ್ಯಾನರ್ ಮುಂದೆ ನಿಂತರೆ ಅಲ್ಲೇ ಅರ್ಧ ದಿನ.

ಈಗ ಕವಚ ಮಾಡೋ ಫೋಮ್. ಮಕ್ಕಳು ಆಡೋಕೆ ನೆಲಕ್ಕೆ ಹಾಸ್ತಾರಲ್ಲ, ಹಲ್ಲುಹಲ್ಲಾಗಿ ಕೂಡಿಕೊಳ್ಳುವ ಎರಡಡಿ ಚೌಕದ ಮ್ಯಾಟು, ಅದೇ ಇವಿಎ ಫೋಮ್. ಎದೆ, ಬೆನ್ನು, ಭುಜ, ಮುಂಗೈ, ಮೊಣಕಾಲ ಕೆಳಗಿನ ಭಾಗ ಎಲ್ಲಕ್ಕೂ ಸೇರಿ 10 ಮಿ.ಮೀ. ದಪ್ಪದ್ದು ಆರರಿಂದ ಎಂಟು ಬೇಕಾಗತ್ತೆ. ಅಂಚು, ಹೂಬಳ್ಳಿ, ಮೊಳೆಯ ತಲೆ ಇಂಥ ಅಲಂಕಾರಕ್ಕೆ 2 ಮಿ.ಮೀ. ಹಾಳೆ. ಮ್ಯಾಟಿನ ಗೆರೆಗೆರೆ ಮುಖ ಒಳಗಡೆ ಹೋಗಲಿ. ಹೆಬ್ಬೆರಳಿಂದ ಒತ್ತಿ ನೋಡಿ ತಗೋ. ಗುಳಿ ಬಿದ್ದು ಹಾಗೇ ಉಳಿದರೆ ಅದು ಸಡಿಲ ಮಾಲು, ಬಾಗಿಸಿದಾಗ ಸುಕ್ಕುಗಟ್ಟತ್ತೆ.

ಮಾದರಿಗೆ ಹಳೇ ಬನಿಯನ್ ಹಾಕ್ಕೊಂಡು ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿಸಿಕೋ, ಅದರ ಮೇಲೆ ಮಾಸ್ಕಿಂಗ್ ಟೇಪ್. ಟೇಪಿನ ಮೇಲೆ ಕವಚದ ಗೆರೆ ಎಳೆದು, ಜೋಡಣೆಯ ಗೆರೆಗಳಿಗೆ ಅಡ್ಡವಾಗಿ ಪ್ರತಿ ಐದು ಸೆಂ.ಮೀ.ಗೆ ಒಂದು ಗುರುತು ಹಾಕಿ ಕತ್ತರಿಸು. ಆ ಅಡ್ಡ ಗುರುತು ಇಲ್ಲದಿದ್ದರೆ ಯಾವ ಅಂಚು ಯಾವುದಕ್ಕೆ ಎಲ್ಲಿ ಕೂಡಬೇಕು ಅನ್ನೋದೇ ಗೊತ್ತಾಗಲ್ಲ.

ಎಲ್ಲರೂ ಎಡವೋದು ಮುಂಗೈಯಲ್ಲಿ. ಮುಂಗೈ ಸುತ್ತಳತೆ 28 ಸೆಂ.ಮೀ. ಅಂತ 28ಕ್ಕೇ ಕತ್ತರಿಸಿದರೆ ಕೊಳವೆ ಮುಚ್ಚಲ್ಲ. ಫೋಮ್ ಸುತ್ತಿದಾಗ ಒಳಮೈ ಕುಗ್ಗತ್ತೆ, ಹೊರಮೈ ಹಿಗ್ಗತ್ತೆ, ಅಳತೆ ಉಳಿಯೋದು ದಪ್ಪದ ನಟ್ಟನಡುವೆ. ಹಾಗಾಗಿ ದಪ್ಪವನ್ನು 3.14ರಿಂದ ಗುಣಿಸಿ ಸೇರಿಸಬೇಕು. 10 ಮಿ.ಮೀ.ಗೆ ಹತ್ತಿರ ಹತ್ತಿರ 3 ಸೆಂ.ಮೀ., 6 ಮಿ.ಮೀ.ಗೆ 2. ಮೇಲೆ ತೋಳಿನ ಬಟ್ಟೆಗೂ ಬೆವರಿಗೂ ಇನ್ನೆರಡು. 28 ಅಂದದ್ದು 33 ಆಯ್ತು. ಮಣಿಕಟ್ಟಿನ ಕಡೆ ಕೊಳವೆ ಕಿರಿದಾದರೆ ಮುಷ್ಟಿ ತೂರಲ್ಲ, ಅದಕ್ಕೆ ಒಳಬದಿ ಸೀಳಿ ವೆಲ್ಕ್ರೊ ಹಚ್ಚು.

ಕಟರ್ ಬ್ಲೇಡು ಹರಿತ ಹೋದ ತಕ್ಷಣ ಮೊನೆ ಮುರಿದು ಹಾಕು, ಉಳಿತಾಯ ಮಾಡಬೇಡ. ಫೋಮ್ ಬ್ಲೇಡನ್ನು ಬೇಗ ತಿನ್ನತ್ತೆ. ಮೊಂಡು ಬ್ಲೇಡು ಅಂಚನ್ನು ಹಲ್ಲುಹಲ್ಲು ಮಾಡತ್ತೆ, ಆ ಅಂಚಿಗೆ ಎಂಥ ಅಂಟೂ ನಿಲ್ಲಲ್ಲ. ಕತ್ತರಿಸಿದ ಮೇಲೆ ಹೀಟ್ ಗನ್, ಅಂದರೆ ತುಂಬಾ ಬಿಸಿ ಗಾಳಿ ಊದೋ ಯಂತ್ರ. ಹೇರ್ ಡ್ರೈಯರ್ ಸಾಲಲ್ಲ. ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಆಡಿಸ್ತಾ ಇರು. ಮಂಕಾಗಿದ್ದ ಮೈ ನಿನ್ನ ಕಣ್ಣೆದುರೇ ಮಿನುಗೋಕೆ ಶುರುವಾಗತ್ತೆ, ಆಗ ಮೇಲ್ಮೈ ರಂಧ್ರ ಮುಚ್ಚಿದೆ ಅಂತ ಅರ್ಥ. ಆ ಬಿಸಿಯಲ್ಲೇ ಮಂಡಿಗೋ ಪಾತ್ರೆಗೋ ಒತ್ತಿ ಹಿಡಿದರೆ ತಣ್ಣಗಾದ ಮೇಲೆ ಆ ಬಾಗು ಉಳಿಯತ್ತೆ. ಮಿನುಗೋಕೆ ಬಿಡದೆ ಬಣ್ಣ ಹಚ್ಚಿದರೆ ಫೋಮ್ ಮೊದಲ ಎರಡು ಕೋಟನ್ನು ಸ್ಪಂಜಿನಂತೆ ಕುಡಿದು ಬಿಡತ್ತೆ.

ಅಂಟಿನ ವಿಷಯಕ್ಕೆ ಸ್ವಲ್ಪ ಉದ್ದ ಬರೀತೀನಿ, ಕವಚ ಬಿಚ್ಚಿಕೊಳ್ಳೋದು ಹತ್ತರಲ್ಲಿ ಒಂಬತ್ತು ಸಲ ಇಲ್ಲೇ. ಬೇಕಾದ್ದು ಬಡಗಿಗಳು ಸನ್ಮೈಕಾಕ್ಕೆ ಹಚ್ಚುವ ಹಳದಿ ರಬ್ಬರ್ ಅಂಟು, ಫೆವಿಕಾಲ್ ಎಸ್‌ಆರ್ ಥರದ್ದು. ಬಿಳಿ ಫೆವಿಕಾಲ್ ಅಲ್ಲ. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡು. ಬೆರಳ ಹಿಂಭಾಗ ತಾಗಿಸಿದರೆ ನೂಲು ಎಳೆಯಬಾರದು. ಹಸಿ ಇದ್ದಾಗಲೇ ಕೂಡಿಸಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು, ರಾತ್ರಿ ಚೆನ್ನಾಗಿದ್ದ ಜೋಡಣೆ ಬೆಳಿಗ್ಗೆ ಬಾಯಿ ಬಿಡತ್ತೆ. ನಮ್ಮೂರ ಏಪ್ರಿಲ್‌ನಲ್ಲಿ ಹದಿನೈದು ನಿಮಿಷ ಅನ್ನೋದು ಆರೇಳಕ್ಕೆ ಇಳಿಯತ್ತೆ, ಒಂದೇ ಸಲ ಎಲ್ಲ ತುಂಡಿಗೂ ಹಚ್ಚಿಟ್ಟರೆ ಕೊನೆಯದಕ್ಕೆ ಬರೋ ಹೊತ್ತಿಗೆ ಅಂಟು ಸತ್ತಿರತ್ತೆ. ಹಾಗಾದರೆ ಹೀಟ್ ಗನ್ನಿಂದ ಸ್ವಲ್ಪ ಬಿಸಿ ಮಾಡು, ಮತ್ತೆ ಜೀವ ಬರತ್ತೆ. ಒಮ್ಮೆ ತಾಗಿದರೆ ಮುಗೀತು, ಜರುಗಿಸೋಕೆ ಆಗಲ್ಲ. ಗುರುತು ನೋಡಿಕೊಂಡು ಮೊದಲು ಎರಡು ತುದಿ, ಆಮೇಲೆ ನಡುವು, ಆಮೇಲೆ ಉಳಿದದ್ದು. ಕಿಟಕಿ ತೆಗೆದಿಡು, ಮಾಳಿಗೆ ಮೇಲಾದರೆ ಇನ್ನೂ ಒಳ್ಳೇದು. ಆ ವಾಸನೆ ತಲೆಗೆ ಹತ್ತತ್ತೆ, ಬೆಂಕಿಯನ್ನಂತೂ ಹತ್ತಿರ ತರಬೇಡ.

ಬಕಲ್ ಹಾಕೋ ಪಟ್ಟಿಯನ್ನು ಫೋಮ್‌ಗೆ ನೇರವಾಗಿ ಅಂಟಿಸಬೇಡ. ಅಂಟು ಬಿಡಲ್ಲ, ಫೋಮೇ ಸಿಪ್ಪೆ ಸುಲಿದ ಹಾಗೆ ಕಿತ್ತು ಬರತ್ತೆ. ಇದಕ್ಕೆ ಮದ್ದು ನಮ್ಮೂರಲ್ಲೇ ಬಿದ್ದಿದೆ. ಜೀನ್ಸ್ ಹೊಲಿಯೋರ ಹತ್ತಿರ ಕತ್ತರಿಸಿ ಮಿಕ್ಕ ಡೆನಿಮ್ ಚೂರು ಕೇಳು, ಕೌಲ್ ಬಜಾರ್ ಕಡೆ ಹೋದರೆ ಚೀಲಗಟ್ಟಲೆ ಸಿಗತ್ತೆ. ಎಂಟು ಸೆಂ.ಮೀ. ಚೌಕದ ಡೆನಿಮ್‌ಗೆ 25 ಮಿ.ಮೀ. ನೈಲಾನ್ ಪಟ್ಟಿಯನ್ನು ಅಲ್ಲೇ ಅವರ ಮಷಿನ್‌ನಲ್ಲಿ ಹೊಲಿಸು, ಪೆಟ್ಟಿಗೆ ಆಕಾರದಲ್ಲಿ ಹೊಲಿದು ನಡುವೆ ಗುಣಾಕಾರದ ಗುರುತಿನ ಹಾಗೆ ಅಡ್ಡ ಹೊಲಿಗೆ ಹಾಕಲಿ. ಆಮೇಲೆ ಇಡೀ ಡೆನಿಮ್ ಚೌಕವನ್ನು ಕವಚದ ಒಳಮೈಗೆ ರಬ್ಬರ್ ಅಂಟಿನಿಂದ ಹಚ್ಚು. ಎಳೆತ ಒಂದಿಂಚಿನ ಪಟ್ಟಿಯ ಮೇಲೆ ಬೀಳೋ ಬದಲು ಅಂಗೈ ಅಗಲಕ್ಕೆ ಹರಡತ್ತೆ. ಬಕಲ್ ಚೀಲ ರಿಪೇರಿಯವರ ಹತ್ತಿರ ಇರತ್ತೆ.

ಮುಂದಿನ ಸಲ ದೊಡ್ಡಾಟ ಇದ್ದಾಗ ಚೌಕಿಗೆ, ವೇಷ ಕಟ್ಟೋ ಕೋಣೆಗೆ, ಬೇಗ ಹೋಗಿ ಬಣ್ಣ ಬಿಟ್ಟು ಹಗ್ಗ ನೋಡು. ಕಿರೀಟ ಇಡೋ ಮುಂಚೆ ತಲೆಗೆ ಎಷ್ಟು ಸುತ್ತು ಬಟ್ಟೆ ಸುತ್ತುತ್ತಾರೆ, ಭುಜಕೀರ್ತಿಯ ದಾರ ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ. ರಾತ್ರಿಯಿಡೀ ಕುಣಿದರೂ ಜಾರಲ್ಲ. ಭುಜದ ತುಂಡನ್ನು ಎದೆಯ ತುಂಡಿಗೆ ಅಂಟಿಸೋರು ಅದನ್ನು ನೋಡಿಲ್ಲ ಅಷ್ಟೇ. ಅಂಟಿಸಿದರೆ ಕೈ ಎತ್ತಿದಾಗ ಇಡೀ ಎದೆ ಗಂಟಲಿಗೆ ಬರತ್ತೆ. ಕಟ್ಟಬೇಕು, ತೂಗಾಡೋಕೆ ಬಿಡಬೇಕು.

ಬಣ್ಣ ಬೇಗ ಹೇಳಿಬಿಡ್ತೀನಿ. ಬಿಳಿ ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ ಮೂರು ತೆಳು ಕೋಟು, ಪ್ರತಿಯೊಂದೂ ಪೂರ್ತಿ ಒಣಗಲಿ. ಮೇಲೆ ಅಕ್ರಿಲಿಕ್, ಮೊದಲು ಕಪ್ಪು, ಆಮೇಲೆ ಒಣ ಬ್ರಶ್ಶಿನಲ್ಲಿ ಬೆಳ್ಳಿ, ಅದೂ ಉಬ್ಬಿದ ಕಡೆ ಮಾತ್ರ. ಎನಾಮಲ್ ಬೇಡ, ಬಾಗಿದಾಗ ಬಿರುಕು ಬಿಡತ್ತೆ. ಕೊನೆಗೆ ನೀರಿನ ಆಧಾರದ ವಾರ್ನಿಶ್ ಹಚ್ಚಲೇಬೇಕು. ಇಲ್ಲದಿದ್ದರೆ ಬೆವರು ತಾಗಿ ಕೆಳಗಿನ ಫೆವಿಕಾಲ್ ಮತ್ತೆ ಅಂಟಂಟಾಗಿ ಕಂಕುಳಲ್ಲಿ ಬಣ್ಣ ಏಳತ್ತೆ.

ಬೂಟು ಬೇರೆ ಮಾಡಬೇಡ, ನಿನ್ನ ಸ್ಪೋರ್ಟ್ಸ್ ಶೂ ಮೇಲೆ ಹೊದಿಕೆ ಸಾಕು. ಹೊದಿಕೆ ಅಡಿಗೆ ಬಂದರೆ ನುಣುಪು ನೆಲದಲ್ಲಿ ಜಾರತ್ತೆ, ಅಲ್ಲಿಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸು. ನೀನು ಕನ್ನಡಕದವನು, ಶಿರಸ್ತ್ರಾಣದಲ್ಲಿ ಉಸಿರಿನ ಹಬೆಗೆ ಎರಡೇ ನಿಮಿಷದಲ್ಲಿ ಕುರುಡಾಗ್ತೀಯ. ಹಣೆಯ ಹತ್ತಿರ 40 ಮಿ.ಮೀ.ನ 5 ವೋಲ್ಟ್ ಫ್ಯಾನ್ ಕೂರಿಸಿ ಗಾಳಿ ಕನ್ನಡಕದ ಮೇಲಿಂದ ಕೆಳಗಿಳಿಯೋ ಹಾಗೆ ಮಾಡು, ಗದ್ದದ ಕಡೆ ತೂತು ಬಿಡು. ವೈರು ಬೆನ್ನ ಹಿಂದಿನ ಪವರ್ ಬ್ಯಾಂಕ್‌ಗೆ.

ಬೆಂಗಳೂರಲ್ಲಿ ಇಳಿದರೆ ನಿಲ್ದಾಣದ ಎದುರೇ ನೇರಳೆ ಮಾರ್ಗ. 2023ರ ಅಕ್ಟೋಬರ್‌ನಿಂದ ಅದು ಎಲ್ಲೂ ಕಡಿಯದೆ ವೈಟ್‌ಫೀಲ್ಡ್ ತನಕ ಓಡ್ತಿದೆ, ಗಾಡಿ ಬದಲಿಸೋ ಗೋಜಿಲ್ಲ. ಕಾನ್ ಹಿಂದಿನ ಹಲವು ಸಲ ಅಲ್ಲಿನ ಕೆಟಿಪಿಒ ಅನ್ನೋ ಪ್ರದರ್ಶನ ಮೈದಾನದಲ್ಲೇ ಆಗಿದೆ, ಆದರೂ ಟಿಕೆಟ್ ಮೇಲಿನ ಜಾಗ ಇನ್ನೊಮ್ಮೆ ಓದು. ವೇಷ ರೈಲಲ್ಲೂ ಬೇಡ, ಮೆಟ್ರೊದಲ್ಲೂ ಬೇಡ. ಒಳಗೆ ಹೋಗಿ ಕಟ್ಟೋಣ, ಇಪ್ಪತ್ತು ನಿಮಿಷ ಹಿಡಿಯತ್ತೆ. ಬಾಗಿಲಲ್ಲಿ ಆಯುಧ ನೋಡ್ತಾರೆ, ಲೋಹ, ಚೂಪು, ಹಾರಿಸುವಂಥದ್ದು ಯಾವುದೂ ನಡೆಯಲ್ಲ. ಟಿಕೆಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೋ, ಅಷ್ಟು ಜನ ಸೇರಿದಾಗ ನೆಟ್‌ವರ್ಕ್ ತೆವಳತ್ತೆ. ಅದೇ ಕಾರಣಕ್ಕೆ ಚಿತ್ರಕಾರರ ಸಾಲಿಗೆ ನಗದು ಬೇಕು. ಅವರು ತಾವೇ ಬರೆದು ತಾವೇ ಮಾರೋ ಜನ, ಚೌಕಾಸಿ ಮಾಡಿ ನನ್ನ ಮಾನ ಕಳೀಬೇಡ. ದೊಡ್ಡ ಅಂಗಡಿಗಳು ಸಂಜೆಗೂ ಇರ್ತವೆ, ಚಿತ್ರಕಾರರ ಒಳ್ಳೇ ಪ್ರಿಂಟ್ ಮಧ್ಯಾಹ್ನಕ್ಕೇ ಖಾಲಿ ಆಗಬಹುದು. ಮೊದಲು ಅಲ್ಲಿಗೆ. ಇನ್ನೊಬ್ಬರ ವೇಷ ಮುಟ್ಟೋ ಮುಂಚೆ, ಫೋಟೊ ಹೊಡೆಯೋ ಮುಂಚೆ ಕೇಳು.

ನನ್ನ ಚೀಲದಲ್ಲಿ ಇರೋದು: ಫೆವಿಕ್ವಿಕ್ ಮೂರು, ರಬ್ಬರ್ ಅಂಟಿನ ಸಣ್ಣ ಟ್ಯೂಬು, ಕಪ್ಪು ಬಟ್ಟೆ ಟೇಪು, ಪಿನ್ನು, ಕೇಬಲ್ ಟೈ, ಓಆರ್‌ಎಸ್, ಸ್ಟ್ರಾ. ಸ್ಟ್ರಾ ಮರೆತರೆ ನೀರು ಕುಡಿಸೋಕೆ ಪ್ರತಿ ಸಲ ಶಿರಸ್ತ್ರಾಣ ತೆಗೀಬೇಕು. ಫೋಮ್ ಒಳಗೆ ಬೆವರು ಆರಲ್ಲ, ಮೈ ತಣ್ಣಗಾಗಲ್ಲ, ಅದಕ್ಕೆ ಮುಕ್ಕಾಲು ಗಂಟೆಗೊಮ್ಮೆ ಒಂದು ಲೋಟ ಕುಡಿಸ್ತೀನಿ, ಬೇಡ ಅಂದರೂ. ಮಾತು ನಿಧಾನ ಆಯ್ತು ಅನ್ನಿಸಿದರೆ ಅಲ್ಲೇ ಬಕಲ್ ಬಿಚ್ಚೋದು, ಚರ್ಚೆ ಇಲ್ಲ. ಹಳೇ ಕಾನ್ ಜನರದ್ದೊಂದು ಲೆಕ್ಕ ಇದೆ, ಐದು-ಎರಡು-ಒಂದು: ದಿನಕ್ಕೆ ಕನಿಷ್ಠ ಐದು ಗಂಟೆ ನಿದ್ದೆ, ಎರಡು ಊಟ, ಒಂದು ಸ್ನಾನ. ರಾತ್ರಿ ರೈಲಿನಿಂದ ಇಳಿದೋರಿಗೆ ಆ ಕೊನೆಯದು ಮುಖ್ಯ.

ಹ್ಯಾಂಡ್ಲರ್ ಅಂದರೆ ಎರಡನೇ ದರ್ಜೆ ಅಂತ ನಿನ್ನ ಪತ್ರದಲ್ಲಿ ಒಂದು ದನಿ ಇತ್ತು. 1939ರಲ್ಲಿ ನ್ಯೂಯಾರ್ಕ್‌ನ ಮೊದಲ ವರ್ಲ್ಡ್‌ಕಾನ್‌ಗೆ, ವಿಜ್ಞಾನ ಕಥೆಗಳ ಅಭಿಮಾನಿಗಳ ಸಮ್ಮೇಳನಕ್ಕೆ, ಫಾರೆಸ್ಟ್ ಆಕರ್‌ಮನ್ ಅನ್ನೋ ಅಭಿಮಾನಿ ಭವಿಷ್ಯಕಾಲದ ಉಡುಪಿನಲ್ಲಿ ಹೋದ, ಕಾಸ್‌ಪ್ಲೇಯ, ಅಂದರೆ ಹೀಗೆ ವೇಷ ಕಟ್ಟೋದರ, ಇತಿಹಾಸ ಬರೆಯೋರು ಅಲ್ಲಿಂದಲೇ ಶುರು ಮಾಡ್ತಾರೆ. ಆ ಉಡುಪನ್ನೂ ತನ್ನದನ್ನೂ ಹೊಲಿದವಳು ಜತೆಗೆ ಹೋದ ಗೆಳತಿ ಮರ್ಟಲ್ ಡಗ್ಲಸ್, ಮೊರೋಜೊ ಅಂತ ಕರೀತಿದ್ರು. ಹೆಸರು ಬಹುಕಾಲ ಅವನೊಬ್ಬನದೇ ಓಡಾಡಿತು. ಅದಕ್ಕೇ ಮಾಡುವಾಗಿನ ಫೋಟೊ ಇಟ್ಟಿರು. ಕಾನ್‌ನ ವೇಷದ ಸ್ಪರ್ಧೆಯಲ್ಲಿ ತೀರ್ಪುಗಾರರು ಯಾವುದು ಕೊಂಡದ್ದು, ಯಾವುದು ಕೈಯಿಂದ ಮಾಡಿದ್ದು ಅಂತ ಕೇಳ್ತಾರೆ, ಡೆನಿಮ್ ಹೊಲಿದುಕೊಟ್ಟವರ ಹೆಸರೂ ಹೇಳಬೇಕು.

ಈಗ ನನಗೆ ಬೇಕಾದ್ದು ನಾಲ್ಕು ಅಳತೆ: ಎದೆ ಸುತ್ತಳತೆ ಉಸಿರು ತುಂಬಿಕೊಂಡು, ಭುಜದಿಂದ ಭುಜಕ್ಕೆ, ಮುಂಗೈ ಸುತ್ತಳತೆ, ಕನ್ನಡಕ ಹಾಕ್ಕೊಂಡೇ ತಲೆಯ ಸುತ್ತು. ಮತ್ತೆ ನಿನ್ನ ಆ ನೀಲಿ ಚೀಲದ ಉದ್ದ, ಅಗಲ, ಎತ್ತರ. ಉಬ್ಬಿಸಿ ಅಳೀಬೇಡ.

ನಿನ್ನ
ಹ್ಯಾಂಡ್ಲರ್ (ಶನಿವಾರಕ್ಕೆ ಮಾತ್ರ)