ನಮ್ಮ ಬೇವಿನ ಶಾಂಪೂ ಯಾಕೆ ಬದಲಾಗ್ತಿದೆ

ಗ್ರಾಹಕರೆಲ್ಲರಿಗೂ ನಮಸ್ಕಾರ,

ಮುಂದಿನ ಬ್ಯಾಚ್‌ನಿಂದ ತಲೆಹೊಟ್ಟಿನ ಶಾಂಪೂ ಬೇರೆ ಥರ ಇರುತ್ತೆ. ಹಸಿರು ಬಣ್ಣ ಇರಲ್ಲ, ವಾಸನೆ ಖಾರವಾಗಿ ಮೂಗಿಗೆ ಹೊಡೆಯುತ್ತೆ, ಬಾಟಲಿ ಕಂದು ಬಣ್ಣದ್ದು, ಲೇಬಲ್ ಮೇಲಿದ್ದ ಗಿಡಮೂಲಿಕೆಗಳ ಉದ್ದ ಪಟ್ಟಿ ಹೋಗಿ ಒಂದೇ ಹೆಸರು ಉಳಿದಿದೆ, ಟೀ ಟ್ರೀ ಎಣ್ಣೆ (ಚಹಾ ಗಿಡದ್ದಲ್ಲ, ಆಸ್ಟ್ರೇಲಿಯಾದ ಒಂದು ಮರದ ಎಲೆಯಿಂದ ತೆಗೆಯೋದು), ಶೇಕಡ 5. ಬೇವು ಎಲ್ಲಿ ಹೋಯ್ತು, ನಿಂಬೆ ಎಲ್ಲಿ ಹೋಯ್ತು, ಖರ್ಚು ಉಳಿಸೋಕೆ ತೆಗೆದ್ರಾ ಅಂತ ಕೇಳೋರು ಇದ್ದೇ ಇರ್ತೀರಿ (ಖರ್ಚೇನೂ ಉಳಿದಿಲ್ಲ, ಟೀ ಟ್ರೀ ಎಣ್ಣೆಯೇ ದುಬಾರಿ), ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀವಿ.

ತಲೆ ಸರಿಯಾಗಿ ತೊಳೀದೆ ಇರೋರಿಗೆ ಮಾತ್ರ ಹೊಟ್ಟು ಆಗುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಹಾಗೇನಿಲ್ಲ. ಮಲಸೀಜಿಯಾ ಅನ್ನೋ ಯೀಸ್ಟ್ (ಅದೂ ಒಂದು ಥರದ ಫಂಗಸ್ಸೇ) ಹೆಚ್ಚುಕಮ್ಮಿ ಎಲ್ಲರ ನೆತ್ತಿ ಮೇಲೂ ಇರುತ್ತೆ, ನೆತ್ತಿಯ ಜಿಡ್ಡೇ ಅದರ ಊಟ, ಆ ಜಿಡ್ಡನ್ನ ಒಡೆದಾಗ ಓಲಿಯಿಕ್ ಆಸಿಡ್ ಥರದ ಕೊಬ್ಬಿನ ಆಮ್ಲ ಉಳಿಯುತ್ತೆ, ಅದು ಕೆಲವರ ಚರ್ಮಕ್ಕೆ ಆಗಲ್ಲ. ಕೆರಳಿದ ಚರ್ಮ ಅವಸರ ಅವಸರವಾಗಿ ಹೊಸ ಪದರ ಹುಟ್ಟಿಸುತ್ತೆ, ಹಳೇದು ಚೂರು ಚೂರಾಗಿ ಉದುರಿ ಭುಜದ ಮೇಲೆ ಬೀಳುತ್ತೆ. ಅಂದ್ರೆ ಶಾಂಪೂ ಮಾಡ್ಬೇಕಾದ ಕೆಲಸ ಎರಡು, ಜಿಡ್ಡು ತೊಳೀಬೇಕು, ಯೀಸ್ಟ್ ಕಮ್ಮಿ ಮಾಡ್ಬೇಕು. ಮೊದಲನೇದನ್ನ ಯಾವ ಶಾಂಪೂ ಬೇಕಾದ್ರೂ ಮಾಡುತ್ತೆ.

ಇಲ್ಲೇ ಎಲ್ಲರೂ ಎಡವೋದು. ಬೇವಿನ ಸಾರಕ್ಕೆ ಫಂಗಸ್ ತಡೆಯೋ ಶಕ್ತಿ ಇದೆ ಅನ್ನೋದಕ್ಕೆ ಲ್ಯಾಬ್ ರಿಪೋರ್ಟ್‌ಗಳು ಬೇಕಾದಷ್ಟಿವೆ, ಸುಳ್ಳಲ್ಲ. ಆದ್ರೆ ಆ ಟೆಸ್ಟ್ ನಡೆಯೋದು ಹೇಗೆ ನೋಡಿ, ಗಾಜಿನ ತಟ್ಟೆಯಲ್ಲಿ ಫಂಗಸ್ ಬೆಳೆಸಿ, ಮಧ್ಯೆ ಸಾರ ಇಟ್ಟು, ದಿನಗಟ್ಟಲೆ ಬಿಟ್ಟು, ಸುತ್ತ ಎಷ್ಟು ಜಾಗ ಖಾಲಿ ಆಯ್ತು ಅಂತ ಅಳೀತಾರೆ. ನಿಮ್ಮ ಬಚ್ಚಲಲ್ಲಿ ಆ ಸಾರಕ್ಕೆ ಸಿಗೋದು ಎರಡು ಮೂರು ನಿಮಿಷ, ಅದೂ ನೀರು ಬೆರೆತು ತೆಳ್ಳಗಾಗಿ, ಆಮೇಲೆ ಸೀದಾ ಮೋರಿಗೆ. ಇನ್ನೊಂದು ತಮಾಷೆ, ಟೀ ಟ್ರೀ ಥರದ ಎಣ್ಣೆಗಳು ಆ ತಟ್ಟೆಯಲ್ಲಿ ಸರಿಯಾಗಿ ಹರಡೋದೇ ಇಲ್ಲ, ಹಾಗಾಗಿ ಖಾಲಿ ಜಾಗ ಚಿಕ್ಕದು ಅಂದ್ರೆ ಶಕ್ತಿ ಇಲ್ಲ ಅಂತಲ್ಲ, ದೊಡ್ಡದು ಅಂದ್ರೆ ತಲೆ ಮೇಲೆ ಕೆಲಸ ಮಾಡುತ್ತೆ ಅಂತಾನೂ ಅಲ್ಲ.

ಅದಕ್ಕೆ ನಾವು ತಟ್ಟೆ ಬಿಟ್ಟು ತಲೆ ಹಿಡಿದ್ವಿ. ಒಂದು ಬಾಟಲಿಯಲ್ಲಿ ನಮ್ಮ ಹಳೇ ಶಾಂಪೂ, ಇನ್ನೊಂದರಲ್ಲಿ ಅದೇ ಶಾಂಪೂ ಆದ್ರೆ ಮೂಲಿಕೆ ಏನೂ ಇಲ್ಲದ ಬರೀ ಬೇಸ್, ಮೂರನೇದರಲ್ಲಿ ಬೇಸ್ ಜೊತೆ ಟೀ ಟ್ರೀ. ಬಾಟಲಿ ಮೇಲೆ ನಂಬರ್ ಮಾತ್ರ. ವಾಸನೆಯದ್ದೇ ತಲೆನೋವು, ಟೀ ಟ್ರೀ ಹಚ್ಚಿದವರಿಗೆ ಅದು ಗೊತ್ತಾಗೇ ಆಗುತ್ತೆ, ಮುಚ್ಚಿಡೋಕೆ ಆಗಲ್ಲ, ಹಾಗಾಗಿ ನೆತ್ತಿ ನೋಡಿ ಮಾರ್ಕ್ ಹಾಕೋರು ತಲೆ ತೊಳೆದ ದಿನ ಬರದೆ ವಾಸನೆ ಹೋದಮೇಲೆ ಬಂದು ನೋಡೋ ಹಾಗೆ ಮಾಡಿದ್ವಿ. ಕೊನೆಗೆ ಹಳೇ ಶಾಂಪೂ ಹಚ್ಚಿದ ತಲೆ ಯಾವುದು, ಬರೀ ಬೇಸ್ ಹಚ್ಚಿದ ತಲೆ ಯಾವುದು ಅಂತ ಅವರಿಗೆ ಬೇರೆ ಮಾಡೋಕೇ ಆಗ್ಲಿಲ್ಲ. ಎರಡರಲ್ಲೂ ಹೊಟ್ಟು ಸ್ವಲ್ಪ ಕಮ್ಮಿ ಆಗಿತ್ತು, ಯಾಕಂದ್ರೆ ಎರಡೂ ತೊಳೀತವೆ. ಬೇವಿನಲ್ಲಿ ಏನೂ ಇಲ್ಲ ಅಂತ ಇದರಿಂದ ಸಾಬೀತಾಗಲ್ಲ, ನಮ್ಮದು ಸಣ್ಣ ಟೆಸ್ಟ್, ತೊಳೆದು ಬಿಡೋ ಶಾಂಪೂನಲ್ಲಿ ನಾವು ಹಾಕ್ತಿದ್ದ ಅಳತೆಗೆ ಅಷ್ಟೇ ಈ ಮಾತು.

ಟೀ ಟ್ರೀ ಆರಿಸಿದ್ದು ನಮ್ಮ ಟೆಸ್ಟ್ ಒಂದನ್ನೇ ನಂಬಿ ಅಲ್ಲ. 2002ರಲ್ಲಿ ಚರ್ಮವೈದ್ಯರ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ 126 ಜನರಿಗೆ 4 ವಾರ ಕೊಟ್ಟು ನೋಡಿದಾಗ ಶೇಕಡ 5ರ ಟೀ ಟ್ರೀ ಶಾಂಪೂ ಬಳಸಿದವರಲ್ಲಿ ಹೊಟ್ಟು 41 ಶೇಕಡ ಇಳಿದಿತ್ತು, ಎಣ್ಣೆ ಇಲ್ಲದ ಶಾಂಪೂ ಬಳಸಿದವರಲ್ಲಿ 11 ಶೇಕಡ. ನಮಗೆ 41ಕ್ಕಿಂತ ಆ 11 ಮುಖ್ಯ ಅನ್ನಿಸ್ತು. ಏನೂ ಹಾಕದಿದ್ರೂ ಅಷ್ಟು ಇಳಿಯುತ್ತೆ ಅಂದ್ಮೇಲೆ, "ಹಚ್ಚಿದೆ, ಕಮ್ಮಿ ಆಯ್ತು" ಅನ್ನೋ ಮೆಸೇಜ್‌ಗಳನ್ನ ಇಟ್ಕೊಂಡು ಯಾವ ಮೂಲಿಕೆಗೂ ಸರ್ಟಿಫಿಕೇಟ್ ಕೊಡೋಕಾಗಲ್ಲ. ಹಾಗೇ 41 ಅಂದ್ರೆ ಪೂರ್ತಿ ಹೋಯ್ತು ಅಂತಲ್ಲ, ಅದಕ್ಕೇ ಲೇಬಲ್ ಮೇಲೆ ಇನ್ಮುಂದೆ ಹೊಟ್ಟು ನಿವಾರಣೆ ಅಂತ ಬರೆಯಲ್ಲ, ಕಡಿಮೆ ಮಾಡುತ್ತೆ ಅಂತ ಮಾತ್ರ.

ನಿಂಬೆ ಬಗ್ಗೆ ಚುಟುಕಾಗಿ. ನಿಂಬೆರಸದ ಪಿಎಚ್ (ಹುಳಿ ಅಳೆಯೋ ಲೆಕ್ಕ, ನಂಬರ್ ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 2ರ ಆಸುಪಾಸು, ನಮ್ಮ ಶಾಂಪೂನದ್ದು 5ರಿಂದ 5.5, ಅಷ್ಟಕ್ಕೆ ತರೋಷ್ಟರಲ್ಲಿ ನಿಂಬೆ ಹೆಸರಿಗೆ ಮಾತ್ರ ಉಳಿದಿರುತ್ತೆ. ಸೀದಾ ನೆತ್ತಿಗೆ ಹಿಂಡಿದ್ರೆ ಕೆರೆದ ಜಾಗ ಉರಿಯುತ್ತೆ, ಬೇಡ. ಪ್ರಿಸರ್ವೇಟಿವ್ ಮಾತ್ರ ಇದ್ದೇ ಇರುತ್ತೆ, ಅದು ತೆಗೀರಿ ಅಂತ ತುಂಬಾ ಜನ ಬರೀತೀರಿ, ನೀರಿರೋ ಬಾಟಲಿಯಲ್ಲಿ ಅದಿಲ್ಲದಿದ್ರೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತೆ, ಅದೂ ನ್ಯಾಚುರಲ್ಲೇ.

ಬಾಟಲಿ ಕಂದು ಯಾಕೆ ಅಂದ್ರೆ ಟೀ ಟ್ರೀ ಎಣ್ಣೆ ಬೆಳಕು ಗಾಳಿಗೆ ಹಳಸುತ್ತೆ, ಹಳಸಿದ ಎಣ್ಣೆಯಿಂದಲೇ ಅಲರ್ಜಿ ಜಾಸ್ತಿ. ಮುಚ್ಚಳ ಬಿಗಿಯಾಗಿ ಹಾಕಿ, ಬಿಸಿಲು ಬೀಳೋ ಕಿಟಕಿ ಹತ್ರ ಇಡ್ಬೇಡಿ. ಮೊದಲ ಸಲ ತಲೆಗೆ ಹಾಕೋ ಮುಂಚೆ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ, ಕೆಂಪಾದ್ರೆ, ತುರಿಸಿದ್ರೆ ಬಳಸಬೇಡಿ. ಟೀ ಟ್ರೀ ಎಣ್ಣೆ ಹೊಟ್ಟೆಗೆ ಹೋದ್ರೆ ವಿಷ, ಮಕ್ಕಳ ಕೈಗೆ ಸಿಗದ ಹಾಗಿಡಿ, ನಾಯಿ ಬೆಕ್ಕಿಗೆ ಇದರಲ್ಲಿ ಸ್ನಾನ ಮಾಡಿಸಲೇಬೇಡಿ.

ನೊರೆಯನ್ನ ನೆತ್ತಿ ಮೇಲೆ ಮೂರು ನಿಮಿಷ ಬಿಡಿ, ಕೂದಲ ತುದಿಗಲ್ಲ. ಆಮೇಲೆ ಎಣ್ಣೆ ಸುರಿದ್ಕೋಬೇಡಿ, ಲ್ಯಾಬ್‌ನಲ್ಲಿ ಈ ಯೀಸ್ಟ್ ಬೆಳೆಸೋಕೆ ಆಲಿವ್ ಎಣ್ಣೆ ಹಾಕ್ತಾರೆ, ಎಣ್ಣೆ ಹಚ್ಚಿದಾಗ ಹೊಟ್ಟು ಅಂಟ್ಕೊಂಡು ಕಾಣ್ಸಲ್ಲ ಅಷ್ಟೇ. ನಾಲ್ಕು ವಾರ ಆದ್ರೂ ವ್ಯತ್ಯಾಸ ಕಾಣದಿದ್ರೆ ನಮ್ಮದನ್ನ ಬಿಟ್ಟು ಕೀಟೊಕೊನಜೋಲ್ ಅನ್ನೋ ಫಂಗಸ್ ತಡೆಯೋ ಔಷಧಿ ಇರೋ ಶಾಂಪೂ ಬಗ್ಗೆ ಫಾರ್ಮಸಿಯಲ್ಲಿ ಕೇಳಿ, ಅದಕ್ಕೆ ಪುರಾವೆ ನಮ್ಮದಕ್ಕಿಂತ ಜಾಸ್ತಿ ಇದೆ. ಕೆಂಪು ದಪ್ಪ ಪದರ ಕಟ್ಟಿದ್ರೆ, ಒಂದೇ ಜಾಗದಲ್ಲಿ ಕೂದಲು ಉದುರ್ತಿದ್ರೆ, ಚಿಕ್ಕ ಮಕ್ಕಳಿಗೆ ಆಗಿದ್ರೆ ಮೊದಲು ಡಾಕ್ಟರ್ ಹತ್ರ ಹೋಗಿ.

ಮನೆಯಲ್ಲಿರೋ ಹಳೇ ಬಾಟಲಿ ಎಸೀಬೇಡಿ, ತಲೆ ತೊಳೆಯೋಕೆ ಅದು ಚೆನ್ನಾಗೇ ಇದೆ. ಬೇವಿನ ವಾಸನೆಯೇ ಇಷ್ಟ ಅನ್ನೋರಿಗೆ ಅದೇ ಶಾಂಪೂ ಹೊಟ್ಟಿನ ಮಾತಿಲ್ಲದ ಲೇಬಲ್‌ನಲ್ಲಿ ಮಾಡಿಕೊಡ್ತೀವಿ, ಆರ್ಡರ್ ಮಾಡೋವಾಗ ಹಳೇದು ಅಂತ ಬರೀರಿ ಸಾಕು.

ಇಂತಿ,
ಸಹಕಾರ ಸಂಘದ ಶಾಂಪೂ ವಿಭಾಗದವರು