ಕೂತಲ್ಲಿಗೇ ಬಂದ ಕಡವೆ

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಮುಂಬೈಯ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಕಡವೆಯ ಫೋಟೋ ತೆಗೆದೆ. ನಾಲ್ಕೈದು ಜನಕ್ಕೆ ಕಳಿಸಿದ್ದೆ, ಅದು ಅಲ್ಲಿಂದ ಇಲ್ಲಿಂದ ಎಲ್ಲರಿಗೂ ತಲುಪಿದೆ. ಅವತ್ತಿನಿಂದ ಫೋನ್ ಬರುತ್ತಲೇ ಇದೆ. "ಭುಜ ಸರಿಹೋಯ್ತಲ್ಲಾ, ಸದ್ಯ!" ಅಂತ ಎಲ್ಲರೂ ಸಂತೋಷಪಡುತ್ತಿದ್ದೀರಿ. ನಿಜ ಹೇಳಬೇಕೆಂದರೆ ಭುಜ ಪೂರ್ತಿ ಸರಿಹೋಗಿಲ್ಲ. ಬಲಗೈ ಈಗಲೂ ಕಿವಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಮುಂದೆಯೂ ಇಷ್ಟೇ ಅಂತ ಡಾಕ್ಟರು ಹೇಳಿದ್ದಾರೆ. ಆದರೂ ಆ ಫೋಟೋ ಬಂತು. ಅದು ಯಾರ ಯಾರ ದೆಸೆಯಿಂದ ಬಂತು ಅಂತ ಹೇಳದೆ ಇದ್ದರೆ ನನಗೆ ಸಮಾಧಾನ ಇಲ್ಲ.

2023ರ ಜುಲೈ. ಜೋರು ಮಳೆ. ರೈಲ್ವೆ ಸೇತುವೆಯ ಮೆಟ್ಟಿಲಿಳಿಯುವಾಗ ಕಾಲು ಜಾರಿತು. ಬೀಳದಿರಲಿ ಅಂತ ಬಲಗೈಯಲ್ಲಿ ಕಂಬಿ ಹಿಡಿದೆ. ಮೈಯೆಲ್ಲ ಆ ಒಂದು ಕೈಗೇ ಜೋತುಬಿತ್ತು. ಭುಜದೊಳಗೆ ಬಟ್ಟೆ ಹರಿದ ಹಾಗೆ ಆಯಿತು. ಮೊದಲು ತೋರಿಸಿದ ಡಾಕ್ಟರು ಬರೀ ಉಳುಕು ಅಂದರು, ಮುಲಾಮು ಕೊಟ್ಟರು. ಮೂರು ತಿಂಗಳು ಹಾಗೇ ಹೋಯಿತು. ಅಕ್ಟೋಬರಿನಲ್ಲಿ ಎಂಆರ್‌ಐ ಮಾಡಿಸಿದಾಗ ಭುಜದ ಸ್ನಾಯುರಜ್ಜು ಹರಿದಿರುವುದು ಗೊತ್ತಾಯಿತು. ರೊಟೇಟರ್ ಕಫ್ ಅಂತಾರೆ. ಸಣ್ಣ ತೂತು ಮಾಡಿ ಒಳಗೆ ಹೊಲಿದರು. ಆಮೇಲೆ ಆರು ವಾರ ಕೈ ಜೋಳಿಗೆಯಲ್ಲಿ.

ನನ್ನ ಹುಚ್ಚು ನಿಮಗೆಲ್ಲ ಗೊತ್ತು. ಹದಿನೈದು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಜಿಂಕೆಗಳ ಹಿಂದೆ. ಈ ಮಹಾನಗರದ ಮಧ್ಯೆ 100 ಚದರ ಕಿಲೋಮೀಟರಿಗೂ ಜಾಸ್ತಿ ಕಾಡಿದೆ, ಅದರಲ್ಲಿ ಚುಕ್ಕೆ ಜಿಂಕೆ ಇದೆ, ಕಡವೆ ಇದೆ, ಕಾಡುಕುರಿ ಇದೆ, ಇವುಗಳನ್ನು ತಿನ್ನುವ ಚಿರತೆಯೂ ಇದೆ. ಲೋಕಲ್ ರೈಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ಜಿಂಕೆ ಮೇಯುವುದನ್ನು ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ನನ್ನ ಕ್ರಮ ಒಂದೇ: ನಡೆಯೋದು. ದೂರದ್ದನ್ನು ಹತ್ತಿರ ತೋರಿಸುವ 150-600 ಎಂಎಂನ ದೊಡ್ಡ ಲೆನ್ಸ್, ಕ್ಯಾಮೆರಾ ಸೇರಿ ಹತ್ತಿರಹತ್ತಿರ ಮೂರು ಕೆಜಿ. ಅದನ್ನು ಕೈಯಲ್ಲೇ ಎತ್ತಿ ಹಿಡಿದು, ಜಿಂಕೆ ಕಂಡ ಕಡೆ ಬಗ್ಗಿ ಬಗ್ಗಿ ಹೋಗಿ, ಅದು ಓಡುವ ಮುಂಚೆ ಹೊಡೆಯೋದು. ನಮ್ಮ ಭಾಷೆಯಲ್ಲೇ ನೋಡಿ, ಫೋಟೋ 'ಹೊಡೆಯೋದು' ಅಂತೀವಿ. ಬೇಟೆಯ ಮಾತೇ ಅದು.

ಆಪರೇಷನ್ ಆದ ಮೇಲೆ ಮೂರು ಕೆಜಿ ದೂರದ ಮಾತು, ಚಹಾದ ಲೋಟ ಎತ್ತೋಕೂ ಆಗಲಿಲ್ಲ. ಕ್ಯಾಮೆರಾದ ಗುಂಡಿ ಬಲಗಡೆಯೇ ಇರುತ್ತದೆ, ಎಡಗೈಯವರಿಗೆ ಅಂತ ಬೇರೆ ಮಾಡಲ್ಲ. ಡಿಸೆಂಬರಿನಲ್ಲಿ ಎಲ್ಲವನ್ನೂ ಮಾರಿಬಿಡೋಣ ಅಂತ ಚೀಲ ಹೊರಗೆ ತೆಗೆದಿಟ್ಟಿದ್ದೆ.

ಮೊದಲ ಧನ್ಯವಾದ ನನ್ನ ಫಿಸಿಯೋ ಮೇಡಂಗೆ. ಮಂಗಳೂರು ಕಡೆಯ ಹುಡುಗಿ, ನನ್ನ ಮಗಳ ವಯಸ್ಸು. ಮೊದಮೊದಲು ಬರೀ ಬಗ್ಗಿ ನಿಂತು ಕೈಯನ್ನು ಗಡಿಯಾರದ ಲೋಲಕದ ಹಾಗೆ ತೂಗಾಡಿಸೋದು. ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಇರುವೆ ಹತ್ತಿಸಿದ ಹಾಗೆ ಹತ್ತಿಸೋದು. "ಸರ್, ನೋವಿನ ಬಾಗಿಲ ತನಕ ಹೋಗಿ, ಒಳಗೆ ಹೋಗ್ಬೇಡಿ" ಅನ್ನುತ್ತಿದ್ದಳು. ಅಡುಗೆಮನೆ ಗೋಡೆಯ ಮೇಲೆ ಬೆರಳು ಎಲ್ಲಿಗೆ ಮುಟ್ಟಿತೋ ಅಲ್ಲಿ ನನ್ನ ಹೆಂಡತಿ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯುತ್ತಿದ್ದಳು. ಮಕ್ಕಳ ಎತ್ತರ ಗುರುತು ಮಾಡ್ತೀವಲ್ಲ, ಹಾಗೆ. ಕೆಲವು ವಾರ ಎರಡು ಗೆರೆಗಳ ನಡುವೆ ಒಂದು ಅಕ್ಕಿಕಾಳು ಹಿಡಿಸುವಷ್ಟೂ ಜಾಗ ಇರುತ್ತಿರಲಿಲ್ಲ. ಅವಳು ಮಾತ್ರ ಒಂದು ವಾರವೂ ಗೆರೆ ಬಿಡಲಿಲ್ಲ. ಮನೆಗೆ ಬಣ್ಣ ಹೊಡೆಸುವಾಗಲೂ ಆ ಜಾಗ ಬಿಡಿಸಿದ್ದೇವೆ.

ಎರಡನೆಯದು ಕಡಲಾಚೆಯ ಗೆಳೆಯನಿಗೆ. ಹಿಂದೆ ಎರಡು ವರ್ಷ ಆಫೀಸಿನ ಕೆಲಸಕ್ಕೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೆ. ಪಕ್ಕದ ಮೇಜಿನವನು ಹುಟ್ಟಾ ಜಿಂಕೆ ಬೇಟೆಗಾರ. ಅವರಲ್ಲಿ ಅದು ಕಾನೂನಿನ ಪ್ರಕಾರವೇ ನಡೆಯುತ್ತದೆ. ನವೆಂಬರಿನಲ್ಲಿ ಒಂಬತ್ತು ದಿನ ಬಂದೂಕಿನ ಬೇಟೆ, ಬಿಲ್ಲಿನ ಬೇಟೆಗೆ ಅದಕ್ಕಿಂತ ಜಾಸ್ತಿ ದಿನ, ಪರವಾನಗಿ, ಲೆಕ್ಕ ಎಲ್ಲ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿದ ಅಧ್ಯಾಯ, ಮುಗಿದದ್ದು ಒಳ್ಳೆಯದೇ ಆಯಿತು. ಕೊಲ್ಲುವ ವಿಷಯದಲ್ಲಿ ಅವನಿಗೂ ನನಗೂ ಯಾವತ್ತೂ ಒಮ್ಮತ ಇರಲಿಲ್ಲ, ಈಗಲೂ ಇಲ್ಲ. ಆದರೆ ಜಿಂಕೆಯನ್ನು ಅವನಷ್ಟು ಗಮನಿಸಿದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಚೀಲ ಹೊರಗಿಟ್ಟ ವಾರವೇ ಅವನ ಫೋನ್ ಬಂತು. ಎಲ್ಲ ಕೇಳಿಸಿಕೊಂಡು ತನ್ನ ಕಥೆ ಹೇಳಿದ. ಅವನೂ ಬಿದ್ದವನೇ, ಮರದ ಮೇಲಿನ ಅಟ್ಟಣೆಯಿಂದ. ಅವರಲ್ಲಿ ಬೇಟೆಗಾರರಿಗೆ ಗುಂಡಿಗಿಂತ ಹೆಚ್ಚು ಪೆಟ್ಟಾಗುವುದು ಈ ಅಟ್ಟಣೆಯಿಂದಲೇ ಅಂದ. ಅವನದೂ ಭುಜ. ಬಿಲ್ಲಿನ ಹೆದೆ ಎಳೆಯುವ ಶಕ್ತಿ ಹೋಯಿತು, ಮರ ಹತ್ತುವುದೂ ನಿಂತಿತು. ಆಗ ಅವನು ಒಂದೊಂದಾಗಿ ಎಲ್ಲ ಬದಲಾಯಿಸಿದ್ದಾನೆ. ಕೈಯಲ್ಲಿ ಎಳೆದು ಹಿಡಿಯುವ ಬಿಲ್ಲಿನ ಬದಲು ಅಡ್ಡಬಿಲ್ಲು, ಕ್ರಾಸ್‌ಬೋ. ಅದರ ಹೆದೆಯನ್ನು ಸಣ್ಣ ಕೈಚಕ್ರ ತಿರುಗಿಸಿ ಏರಿಸಬಹುದು, ಒಮ್ಮೆ ಏರಿಸಿದರೆ ಹಿಡಿದುಕೊಂಡು ನಿಲ್ಲಬೇಕಾಗಿಲ್ಲ. ಮೊದಲು ಅಲ್ಲಿ ಅಂಗವೈಕಲ್ಯ ಇದ್ದವರಿಗೆ, ವಯಸ್ಸಾದವರಿಗೆ ಮಾತ್ರ ಅದಕ್ಕೆ ಅನುಮತಿ ಇತ್ತಂತೆ, 2014ರಿಂದ ಎಲ್ಲರಿಗೂ ಆಯಿತು. ಅಟ್ಟಣೆ ಬಿಟ್ಟು ನೆಲದ ಮೇಲೆ ಗುಡಾರ ಹಾಕಿದ. ವಾರಗಟ್ಟಲೆ ಮುಂಚೆಯೇ ಹಾಕಿಟ್ಟು ಜಿಂಕೆಗೆ ಅದು ಅಭ್ಯಾಸವಾಗಲು ಬಿಟ್ಟ. ಬಿಲ್ಲಿನ ಭಾರವನ್ನು ಮೂರು ಕಾಲಿನ ಕೋಲಿನ ಮೇಲೆ ಇಟ್ಟ. ಹೊಡೆದ ಜಿಂಕೆಯನ್ನು ಎಳೆದು ತರಲು ಮಾತ್ರ ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಾಯಿತು. "ಎಲ್ಲಕ್ಕಿಂತ ಕಷ್ಟ ಆಗಿದ್ದು ಅದೇ, ಕೇಳೋದು" ಅಂದ. ಅದನ್ನು ಹೇಳುವಾಗ ಅವನ ದನಿ ಸ್ವಲ್ಪ ತಗ್ಗಿತ್ತು.

ಆಮೇಲೆ ಒಂದು ಪ್ರಶ್ನೆ ಕೇಳಿದ. "ನೀನು ಯಾಕೆ ಅದರ ಹಿಂದೆ ಹೋಗ್ತೀಯ? ಅದು ಎಲ್ಲಿಗೆ ಬರುತ್ತೆ ಅಂತ ಗೊತ್ತಿಲ್ವಾ?"

ನನಗೆ ನಮ್ಮಜ್ಜ ನೆನಪಾದರು. ತೀರ್ಥಹಳ್ಳಿ ಕಡೆ ಹಿಂದಿನ ಕಾಲದಲ್ಲಿ ಬೇಟೆಗೆ ಹೋದರೆ ಹಳು ನುಗ್ಗಿ, ಅಂದರೆ ಪೊದೆಗಳೊಳಗೆ ನುಗ್ಗಿ, ಪ್ರಾಣಿ ಎಬ್ಬಿಸುವವರು ಒಂದು ಗುಂಪು, ಬಿಲ್ಲಿಗೆ ಕೂರುವವರು, ಅಂದರೆ ಅದು ಬರುವ ದಾರಿಯಲ್ಲಿ ಕಾದು ಕೂರುವವರು, ಇನ್ನೊಂದು ಗುಂಪು. ಅಜ್ಜ ಯಾವಾಗಲೂ ಬಿಲ್ಲಿಗೆ ಕೂರುವವರಂತೆ. ಚಿಟಿಕೆ ಬೂದಿ ಉದುರಿಸಿ ಗಾಳಿ ನೋಡಿಕೊಂಡು ಜಾಗ ಆರಿಸುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದರು. ಹದಿನೈದು ವರ್ಷ ನಾನು ಹಳು ನುಗ್ಗುವ ಕೆಲಸವನ್ನೇ ಮಾಡಿದ್ದೆ ಅಂತ ಅವತ್ತು ಅನ್ನಿಸಿತು.

ದೊಡ್ಡ ಲೆನ್ಸ್ ಮಾರಿದೆ. 70-300ರ ಸಣ್ಣದು ತಗೊಂಡೆ, ಮುಕ್ಕಾಲು ಕೆಜಿಯೂ ಇಲ್ಲ. ಆದರೆ ಅದರಲ್ಲಿ ದೂರದ ಜಿಂಕೆ ಸಿಗಲ್ಲ. ಮೊದಲು ಎಪ್ಪತ್ತು ಎಂಬತ್ತು ಹೆಜ್ಜೆ ಆಚೆಯಿಂದ ಆಗುತ್ತಿದ್ದುದು ಈಗ ಅದರ ಅರ್ಧದಲ್ಲಿ ಆಗಬೇಕು. ಅಷ್ಟು ಹತ್ತಿರ ಹೋದರೆ ಯಾವ ಜಿಂಕೆಯೂ ನಿಲ್ಲಲ್ಲ. ಅದೇ ಬರಬೇಕು. ಹೆಂಡತಿ ನನ್ನ ಹಳೆಯ ಜೀನ್ಸ್ ಕತ್ತರಿಸಿ ಚೀಲ ಹೊಲಿದು, ಅದಕ್ಕೆ ಎರಡು ಕೆಜಿ ಹುರುಳಿ ತುಂಬಿಸಿಕೊಟ್ಟಳು. ಕಲ್ಲಿನ ಮೇಲೆ ಚೀಲ, ಚೀಲದ ಮೇಲೆ ಕ್ಯಾಮೆರಾ. ಹುರುಳಿ ಸರಿದು ಲೆನ್ಸನ್ನು ಅಪ್ಪಿ ಹಿಡಿಯುತ್ತದೆ, ಅಲುಗಾಟವೇ ಇಲ್ಲ. ತಂತಿಯ ರಿಮೋಟ್ ಎಡಗೈಯಲ್ಲಿ. ಬಲಗೈ ಮಡಿಲಲ್ಲಿ ಸುಮ್ನೆ ಇರುತ್ತದೆ. ಚೀಲದ ಮೇಲೆ ಒಂದು ಹಳೆ ಖಾಕಿ ಬಟ್ಟೆ ಹೊದಿಸುತ್ತೇನೆ, ಅದಕ್ಕೆ ಕಾರಣ ಇದೆ. ಜಿಂಕೆಗೆ ಕೆಂಪು, ಕಿತ್ತಳೆ ಬಣ್ಣ ನಮ್ಮ ಹಾಗೆ ಕಾಣುವುದಿಲ್ಲ, ಅದಕ್ಕೇ ವಿಸ್ಕಾನ್ಸಿನ್‌ನ ಬೇಟೆಗಾರರು ಒಬ್ಬರಿಗೊಬ್ಬರು ಕಾಣಲಿ ಅಂತ ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್ ಹಾಕಿಕೊಂಡು ಕೂತರೂ ನಡೆಯುತ್ತದೆ. ನೀಲಿ ಮಾತ್ರ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಹದಿನೈದು ವರ್ಷ ನಾನು ನೀಲಿ ಜೀನ್ಸ್ ಹಾಕಿಕೊಂಡೇ ಓಡಾಡಿದ್ದೆ.

ಮೂರನೆಯ ಧನ್ಯವಾದಕ್ಕೆ ನನ್ನ ಹತ್ತಿರ ಸರಿಯಾದ ಮಾತಿಲ್ಲ. ಕಾಡಿನೊಳಗಿನ ಪಾಡಾದಲ್ಲೇ, ಅಂದರೆ ಆದಿವಾಸಿಗಳ ಹಾಡಿಯಲ್ಲೇ, ಹುಟ್ಟಿ ಬೆಳೆದ ವಾರ್ಲಿ ಬುಡಕಟ್ಟಿನ ದಾದಾ, ಗೈಡ್ ಕೆಲಸ ಮಾಡುತ್ತಾರೆ. ನನ್ನನ್ನು ಮೊದಲಿಂದಲೂ "ಅಣ್ಣಾ" ಅಂತಲೇ ಕರೆಯೋದು, ಮುಂಬೈಯಲ್ಲಿ ನಮ್ಮ ಕಡೆಯವರೆಲ್ಲರಿಗೂ ಅದೇ ಹೆಸರು. 2024ರ ಫೆಬ್ರವರಿಯಲ್ಲಿ ಕ್ಯಾಮೆರಾ ಇಲ್ಲದೆ ಬರೀ ನಡೆಯೋಕೆ ಹೋಗಿದ್ದೆ. ನನ್ನ ಕೈ ನೋಡಿದರು, ಏನೂ ಕೇಳಲಿಲ್ಲ. ಮುಂದಿನ ವಾರ ಬಾ, ಕೂರುವ ಜಾಗ ತೋರಿಸ್ತೀನಿ ಅಂದರು.

ಆ ಜಾಗ ದಹಿಸರ್ ನದಿಗೆ ಸೇರುವ ಒಂದು ಸಣ್ಣ ಹಳ್ಳದ ತಿರುವು. ಚಿರತೆ ಇರುವ ಕಾಡಿನಲ್ಲಿ ಬೆಳಗಿನ ಹೊತ್ತು ಒಬ್ಬನೇ ಕೂರುವ ಹಾಗಿಲ್ಲ, ಅದಕ್ಕೆ ದಾದಾ ಜೊತೆಗೇ ಕೂತರು. ಒಂದು ವಾರವಲ್ಲ, ವರ್ಷದ ತುಂಬ. ಗಾಳಿಯ ಪಾಠ ಅಲ್ಲೇ ಆಯಿತು. ಬೆಳಗಿನ ತಂಪಿನಲ್ಲಿ ಗಾಳಿ ಗುಡ್ಡದಿಂದ ಹಳ್ಳದ ಗುಂಟ ಕೆಳಕ್ಕೆ ಹರಿಯುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ತಿರುಗಿ ಮೇಲಕ್ಕೆ ಏಳುತ್ತದೆ. ಬೆಳಿಗ್ಗೆ ಬೇಗ ಹೋದರೆ ಹಳ್ಳದ ಕೆಳಗಡೆ ಕೂರಬೇಕು, ಆಗ ಮೇಲಿನಿಂದ ಇಳಿದು ಬರುವ ಜಿಂಕೆಗೆ ನಮ್ಮ ವಾಸನೆ ಸಿಗುವುದಿಲ್ಲ. ಬಿಸಿಲು ಏರಿತೆಂದರೆ ಆ ಜಾಗ ದಂಡ, ಎದ್ದು ಬಂದುಬಿಡಬೇಕು. ಫೋನಿನಲ್ಲಿ ಗೆಳೆಯ ಹೇಳಿದ್ದೂ ಇದನ್ನೇ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ನಾನು ಕ್ಯಾಮೆರಾಕ್ಕೆ ಒಂದು ಹತ್ತಿಯ ಎಳೆ ಕಟ್ಟಿಕೊಂಡೆ. ಅದು ನನ್ನ ಕಡೆಗೆ ಬಾಗಿದ್ದರೆ ಸರಿ.

ಎಷ್ಟೋ ಭಾನುವಾರ ಏನೂ ಬರಲಿಲ್ಲ. ಲಂಗೂರ್‌ಗಳು ಮರದ ಮೇಲಿಂದ ಕಿತ್ತು ಬೀಳಿಸಿದ ಎಲೆ, ಕಾಯಿ ಆರಿಸಿ ತಿನ್ನೋಕೆ ಚುಕ್ಕೆ ಜಿಂಕೆಗಳು ಬರುತ್ತಿದ್ದವು, ಅವು ಸಿಕ್ಕವು. ಕಡವೆ ಮಾತ್ರ ಇಲ್ಲ. ಅದು ಸಂಕೋಚದ ಪ್ರಾಣಿ, ನಸುಕಿನಲ್ಲೋ ಮುಸ್ಸಂಜೆಯಲ್ಲೋ ಓಡಾಡುವುದು ಜಾಸ್ತಿ. ಮೊದಲು ನಾನು ನಡೆಯುವಾಗ ಕಡವೆಯ 'ಢಾಂಕ್' ಅನ್ನುವ ಎಚ್ಚರಿಕೆಯ ಕೂಗು ಎಷ್ಟೋ ಸಲ ಕೇಳಿದ್ದೆ. ಹತ್ತಿರದಲ್ಲಿ ಚಿರತೆ ಇದೆ ಅಂತ ಖುಷಿಪಡುತ್ತಿದ್ದೆ. ಕೂತು ಕೂತು ಗೊತ್ತಾಯಿತು, ಎಷ್ಟೋ ಸಲ ಅದು ಕೂಗಿದ್ದು ನನ್ನನ್ನು ಕಂಡೇ.

ಆ ಭಾನುವಾರ ಏಳು ಗಂಟೆಗೆ ಹತ್ತು ನಿಮಿಷ ಇತ್ತು. ಮೊದಲು ಸದ್ದು. ತೇಗದ ಒಣಗಿದ ಎಲೆ ಹಪ್ಪಳದ ಹಾಗೆ ಮುರಿಯುತ್ತದೆ. ಒಂದು ಹೆಜ್ಜೆ, ಆಮೇಲೆ ಎಷ್ಟೋ ಹೊತ್ತು ಏನಿಲ್ಲ. ಮತ್ತೆ ಒಂದು ಹೆಜ್ಜೆ. ದಾದಾ ನನ್ನ ಮಂಡಿಯ ಮೇಲೆ ಒಂದು ಬೆರಳಿಟ್ಟರು. ಹೆಣ್ಣು ಕಡವೆ, ಹಳ್ಳದ ಆಚೆ ದಡದಲ್ಲಿ, ಮೂವತ್ತು ಹೆಜ್ಜೆಯೂ ಇರಲಿಲ್ಲ. ಎಡಗಿವಿ ತುದಿಯಲ್ಲಿ ಸೀಳಿತ್ತು. ಕತ್ತಿನ ಕೂದಲಿಗೆ ಮುಳ್ಳಿನ ಕಾಯಿ ಅಂಟಿಕೊಂಡಿದ್ದವು. ಮೂಗು ಒದ್ದೆ. ಎರಡು ಕಿವಿಯನ್ನೂ ಬೇರೆ ಬೇರೆ ಕಡೆ ತಿರುಗಿಸುತ್ತಾ ನಿಂತಿತ್ತು. ಹತ್ತಿಯ ಎಳೆ ನನ್ನ ಕಡೆಗೇ ಬಾಗಿತ್ತು. ಅದು ಬಗ್ಗಿ ನೀರಿಗೆ ಬಾಯಿ ಹಾಕಿದಾಗ ಎಡ ಹೆಬ್ಬೆರಳು ಒತ್ತಿದೆ. ಎರಡೇ ಎರಡು ಸಲ. ಆಮೇಲೆ ಒತ್ತೋಕೆ ಮನಸ್ಸಾಗಲಿಲ್ಲ, ಸುಮ್ನೆ ನೋಡುತ್ತಾ ಕೂತೆ. ನೀರು ಕುಡಿದು, ಬಂದ ದಾರಿಯಲ್ಲೇ ನಿಧಾನವಾಗಿ ಹೋಯಿತು. ಓಡಲಿಲ್ಲ. ಹದಿನೈದು ವರ್ಷದಲ್ಲಿ ನನ್ನ ಮುಂದಿನಿಂದ ಓಡದೆ ಹೋದ ಮೊದಲ ಕಡವೆ ಅದು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ದಾದಾ ನೋಡಿದರೂ ನೋಡದ ಹಾಗೆ ಬೇರೆ ಕಡೆ ತಿರುಗಿದರು.

ಇನ್ನೂ ಎಷ್ಟೋ ಜನರಿದ್ದೀರಿ. 7.52ರ ಲೋಕಲ್‌ನ ನಮ್ಮ ಗುಂಪು, ಆರು ತಿಂಗಳು ನನ್ನ ಬಲಗಡೆ ಗೋಡೆಯ ಹಾಗೆ ನಿಂತು ಭುಜಕ್ಕೆ ಯಾರೂ ತಾಗದ ಹಾಗೆ ನೋಡಿಕೊಂಡಿರಿ. ಎದುರು ಮನೆಯ ಕಾಕೂ, ಜೋಳಿಗೆ ಹಾಕಿಕೊಂಡಿದ್ದಾಗ ಎಡಗೈಯಲ್ಲಿ ತಿನ್ನೋಕೆ ಸುಲಭ ಆಗಲಿ ಅಂತ ಚಪಾತಿ ಸುರುಳಿ ಸುತ್ತಿ ಕಳಿಸುತ್ತಿದ್ದರು. ಬೆಂಗಳೂರಿನಿಂದ ಭಾವ ಬಂದು ಆಸ್ಪತ್ರೆಯಲ್ಲಿ ಎರಡು ರಾತ್ರಿ ಕುರ್ಚಿಯಲ್ಲೇ ಕಳೆದರು. ಭಾನುವಾರ ಭಾನುವಾರ ನನ್ನ ಚೀಲ ಹೊರುವ ಕಾಲೇಜು ಹುಡುಗ, ಕೇಳುವ ಮುಂಚೆಯೇ ಹೆಗಲಿಗೆ ಹಾಕಿಕೊಂಡವನು. ವಿಸ್ಕಾನ್ಸಿನ್ ಗೆಳೆಯ ಹೇಳಿದ ಆ ಕಷ್ಟದ ಕೆಲಸವನ್ನು ನನ್ನ ಪಾಲಿಗೆ ಇಲ್ಲದ ಹಾಗೆ ಮಾಡಿದ್ದು ಅವನು. ಗೆಳೆಯನಿಗೂ ಫೋಟೋ ಕಳಿಸಿದ್ದೆ. ಅವನಿಂದ ಬಂದ ಉತ್ತರ ಒಂದೇ ಸಾಲು: ಗಾಳಿ ಯಾವ ಕಡೆಗಿತ್ತು? ನನ್ನ ಮುಖಕ್ಕೆ ಬರುತ್ತಿತ್ತು ಅಂತ ಬರೆದೆ.

ಎಲ್ಲರಿಗೂ ಒಂದೊಂದು ಪ್ರಿಂಟ್ ಹಾಕಿಸಿದ್ದೇನೆ. ಮೊದಲನೆಯದನ್ನು ದಾದಾಗೆ ಕೊಟ್ಟು ಬಂದೆ, ಅವರ ಮನೆಯ ಬಾಗಿಲ ಪಕ್ಕ ಅಂಟಿಸಿದ್ದಾರೆ. ಉಳಿದವು ಮನೆಯಲ್ಲಿವೆ. ದಯವಿಟ್ಟು ಬಂದು ತಗೊಂಡು ಹೋಗಿ. ಸೋಮವಾರ ಸಂಜೆ ಬಂದರೆ ಒಳ್ಳೆಯದು, ಅವತ್ತು ಪಾರ್ಕಿಗೆ ರಜಾ, ನಾನು ಮನೆಯಲ್ಲೇ ಇರುತ್ತೇನೆ. ಅಡುಗೆಮನೆಯ ಗೋಡೆಯನ್ನೂ ತೋರಿಸುತ್ತೇನೆ.