ಬಿರುಕು ಬಿಟ್ಟ ಸಿಂಬಲ್: ಬದಲಿಸಿ ಕೊಡಿ, ಇಲ್ಲವೇ ತೂತು ಕೊರೆಯಲು ಒಪ್ಪಿಗೆ ಬರೆದು ಕೊಡಿ

ಇವರಿಗೆ,
ಗ್ರಾಹಕರ ದೂರು ವಿಭಾಗದ ಅಧಿಕಾರಿಗಳು

ಇವರಿಂದ,
ನಿಮ್ಮ ಗ್ರಾಹಕ, ಡ್ರಮ್ಸ್ ವಾದಕ, ಹಾಸನ

ವಿಷಯ: ವಾರಂಟಿ ಇರುವಾಗಲೇ ಬಿರುಕು ಬಿಟ್ಟ 16 ಇಂಚಿನ ಕ್ರ್ಯಾಶ್ ಸಿಂಬಲ್

ಮಾನ್ಯರೇ,

ನಿಮ್ಮ ವೆಬ್‌ಸೈಟಿನಲ್ಲಿ ರೂ. 18,500 ಕೊಟ್ಟು ತರಿಸಿಕೊಂಡ ಕ್ರ್ಯಾಶ್ ಸಿಂಬಲ್, ಅಂದರೆ ಡ್ರಮ್ಸ್ ಜೊತೆ ಸ್ಟಿಕ್ಕಿನಿಂದ ಬಾರಿಸುವ ಕಂಚಿನ ತಟ್ಟೆ, ಬಿರುಕು ಬಿಟ್ಟಿದೆ. ಒಂದು ವರ್ಷ ವಾರಂಟಿ ಅಂತ ಕಾರ್ಡಿನಲ್ಲಿದೆ, ಅದು ಮುಗಿಯಲು ಇನ್ನೂ ಟೈಮಿದೆ. ಬದಲಿಸಿ ಕೊಡಿ ಎಂದು ಕೇಳಿದ್ದಕ್ಕೆ ಬಂದ ಉತ್ತರ ಒಂದೇ ಸಾಲು: ಜಾಸ್ತಿ ಜೋರಾಗಿ ಬಾರಿಸಿದ್ದರಿಂದ ಒಡೆದಿದೆ, ವಾರಂಟಿ ಸಿಗುವುದಿಲ್ಲ. ಸಿಂಬಲನ್ನು ನಿಮ್ಮವರು ಯಾರೂ ಕೈಯಲ್ಲಿ ಹಿಡಿದು ನೋಡಿಲ್ಲ. ಕಳಿಸಿದ ಫೋಟೊಗಳನ್ನಾದರೂ ದೊಡ್ಡದು ಮಾಡಿ ನೋಡಿದರೋ ಇಲ್ಲವೋ, ನನಗೆ ಅನುಮಾನ.

ಜೋರಾಗಿ ಬಾರಿಸಿದರೆ ಸಿಂಬಲ್ ಒಡೆಯುತ್ತದೆ, ಇಲ್ಲ ಅನ್ನುವುದಿಲ್ಲ. ಹಾಸನ, ಬೇಲೂರು, ಚನ್ನರಾಯಪಟ್ಟಣದ ಕಡೆ ಜಾತ್ರೆ, ಗಣಪತಿ, ಮದುವೆ ಅಂತ ರಸಮಂಜರಿ ಕಾರ್ಯಕ್ರಮಗಳಿಗೆ ಡ್ರಮ್ಸ್ ನುಡಿಸುವವನು ನಾನು. ಒಡೆದ ಸಿಂಬಲ್ ಬೇಕಾದಷ್ಟು ನೋಡಿದ್ದೇನೆ. ಎಲ್ಲಿ ಒಡೆದಿದೆ ಅಂತ ನೋಡಿದರೆ ಯಾಕೆ ಒಡೆಯಿತು ಅಂತ ಸುಮಾರಾಗಿ ಗೊತ್ತಾಗುತ್ತದೆ. ಏಟು ಬಿದ್ದ ಕೂಡಲೇ ಸ್ಟಿಕ್ ಪಕ್ಕಕ್ಕೆ ಜಾರಿ ಹೋಗಬೇಕು. ಹಾಗಲ್ಲದೆ ಸೌದೆ ಸೀಳುವ ಹಾಗೆ ನೇರ ಅಂಚಿಗೇ ಹೊಡೆಯುವವರ ಸಿಂಬಲ್ ಅಂಚಿನಿಂದ ಬಿರುಕು ಬಿಡುತ್ತದೆ. ಮೇಲಿನ ನಟ್ಟನ್ನು ಅಲ್ಲಾಡದಂತೆ ಬಿಗಿದರೆ ನಡುಕ ಹೋಗಲು ದಾರಿ ಇಲ್ಲದೆ ಬಿರುಕು ಬೇಗ ಬರುತ್ತದೆ. ಸ್ಟ್ಯಾಂಡಿನ ಪ್ಲಾಸ್ಟಿಕ್ ಕೊಳವೆ ಕಳೆದು ಹೋಗಿದ್ದರೆ ಸಿಂಬಲ್ ಕಬ್ಬಿಣದ ರಾಡಿಗೆ ಉಜ್ಜುತ್ತದೆ, ನಡುವಿನ ತೂತು ಒಂದು ಕಡೆಗೆ ಸವೆದು ಅಲ್ಲಿಂದ ಸೀಳು ಹೊರಡುತ್ತದೆ. ಟೆಂಪೊದಿಂದ ಇಳಿಸುವಾಗ ಕೆಡವಿದ್ದರೆ ಅಂಚಿನಲ್ಲಿ ಕಚ್ಚು ಬಿದ್ದಿರುತ್ತದೆ.

ನನ್ನ ಸಿಂಬಲಿನಲ್ಲಿ ಇದ್ಯಾವುದೂ ಇಲ್ಲ. ಅಂಚಿನ ಸುತ್ತ ಉಗುರು ಎಳೆದು ನೋಡಿದೆ, ಎಲ್ಲೂ ತಡೆಯುವುದಿಲ್ಲ. ತೂತು ಬಂದ ದಿನದಷ್ಟೇ ಗುಂಡಗಿದೆ. ಬಿರುಕು ಇರುವುದು ಅಂಚಿನಿಂದ ನಾಲ್ಕು ಬೆರಳು ಒಳಗೆ, ನಿಮ್ಮ ಮುದ್ರೆಯ ಕೆಳಗೆ, ಲೇತಿನಲ್ಲಿ ಎಳೆದ ಗೆರೆಯ ಗುಂಟ, ಕಿರುಬೆರಳಿನಷ್ಟು ಉದ್ದ. ಕ್ರ್ಯಾಶ್ ಬಾರಿಸುವುದು ಅಂಚಿನಲ್ಲಿ, ಅಷ್ಟು ಒಳಗೆ ಯಾರು ಹೊಡೆಯುತ್ತಾರೆ? ಮೊಬೈಲ್ ಟಾರ್ಚನ್ನು ಅಡ್ಡಲಾಗಿ ಹಿಡಿದರೆ ಬಿರುಕಿನ ಒಂದು ತುದಿಯಲ್ಲಿ ಸೂಜಿಮೊನೆಯಷ್ಟು ಕುಳಿ ಕಾಣುತ್ತದೆ. ಕುಳಿಯ ಒಳಗೆಲ್ಲ ಕಪ್ಪು. ಎರಕ ಹೊಯ್ಯುವಾಗ ಗಾಳಿಗುಳ್ಳೆಯೋ ಕಸವೋ ಸಿಕ್ಕಿಕೊಂಡರೆ ಇಂಥದ್ದು ಉಳಿಯುತ್ತದೆ. ಬಿರುಕು ಹುಟ್ಟಿದ್ದೇ ಅಲ್ಲಿಂದ ಅಂತ ನನ್ನ ಲೆಕ್ಕ. ನಿಮ್ಮಲ್ಲಿ ಭೂತಗನ್ನಡಿ ಇರುತ್ತದಲ್ವಾ, ಹಿಡಿದು ನೋಡಿ ಹೇಳಿ.

ಇನ್ನೊಂದು ಮಾತು. ಇದೇ ಕೈಯಲ್ಲಿ, ಇದೇ ಸ್ಟಿಕ್ಕಿನಲ್ಲಿ ಬಾರಿಸುವ ನನ್ನ ಬೇರೆ ಸಿಂಬಲ್‌ಗಳು, 20 ಇಂಚಿನ ರೈಡ್, 14 ಇಂಚಿನ ಹೈಹ್ಯಾಟ್, ಇವತ್ತಿಗೂ ನೆಟ್ಟಗಿವೆ. ಕಲಿಯುವಾಗ ತಗೊಂಡ ಹಿತ್ತಾಳೆ ಸಿಂಬಲಿನ ಅಂಚು ಅಲ್ಲಲ್ಲಿ ಬಗ್ಗಿದೆ, ಒಡೆದಿಲ್ಲ. ಹಿತ್ತಾಳೆ ಮೆತ್ತಗೆ, ಬಗ್ಗಿಕೊಳ್ಳುತ್ತದೆ. ನೀವು ಮಾರಿದ್ದು 80 ಪಾಲು ತಾಮ್ರ, 20 ಪಾಲು ತವರ ಸೇರಿಸಿದ ಕಂಚು. ಅದರ ಸದ್ದು ಸೊಗಸು, ಆದರೆ ಗಡಸು ಲೋಹ, ಒಳಗೆ ಒಂದು ಚುಕ್ಕಿ ದೋಷವಿದ್ದರೂ ಅಲ್ಲಿಂದಲೇ ಒಡೆಯುತ್ತದೆ. ಆ ಸದ್ದಿಗೇ ನಾವು ಅಷ್ಟು ದುಡ್ಡು ಕೊಡುವುದು.

ಈಗ ನಿಮ್ಮ ಸಹಾಯವಾಣಿಯ ವಿಷಯ. ಫೋನ್ ಎತ್ತಿದ ಹುಡುಗ, 'ಸರ್, ಲೋಕಲ್‌ನಲ್ಲಿ ವೆಲ್ಡಿಂಗ್ ಮಾಡಿಸಿಬಿಡಿ' ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಹಾಗೆ ಹೇಳಿಕೊಟ್ಟವರ ಮೇಲೆ ಇದೆ. ಇಷ್ಟು ತವರ ಇರುವ ಕಂಚನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಬಡಿಯಲು ಒಗ್ಗುತ್ತದೆ. ಕಾಯಿಸಿ ಹಾಗೇ ನಿಧಾನವಾಗಿ ಆರಲು ಬಿಟ್ಟರೆ ಪೆಡಸಾಗಿ ಪಟ್ಟನೆ ಒಡೆಯುತ್ತದೆ. ಕಬ್ಬಿಣಕ್ಕೆ ಹೇಗೋ ಇದಕ್ಕೆ ಹಾಗಲ್ಲ. ವೆಲ್ಡಿಂಗ್‌ನವನ ಬೆಂಕಿ ತಾಗಿದ ಸುತ್ತಲ ಜಾಗದ ಹದವೇ ಕೆಡುತ್ತದೆ, ಬೆಸುಗೆಯ ಗಂಟು ನಡುಕವನ್ನು ತಡೆದು ಸದ್ದು ಮಂಕಾಗುತ್ತದೆ, ಸ್ವಲ್ಪ ದಿನಕ್ಕೆ ಗಂಟಿನ ಪಕ್ಕದಲ್ಲೇ ಹೊಸ ಬಿರುಕು. ಸಿಂಬಲ್ ಮಾರುವ ಕಂಪನಿಗೆ ಇದು ಗೊತ್ತಿಲ್ಲ ಅಂದರೆ ನಂಬುವುದು ಹೇಗೆ? ಆ ಸಲಹೆಯನ್ನು ದಯವಿಟ್ಟು ಬೇರೆ ಯಾರಿಗೂ ಕೊಡಬೇಡಿ.

ಒಡೆದ ಸಿಂಬಲಿಗೆ ಮಾಡಬಹುದಾದದ್ದು ಏನು ಅಂತ ನನಗೆ ಗೊತ್ತಿದೆ. ಬಿರುಕಿನ ಎರಡೂ ತುದಿಯಲ್ಲಿ, ಕಣ್ಣಿಗೆ ಕಾಣುವ ತುದಿಗಿಂತ ಒಂದು ಕೂದಲು ಮುಂದೆ, 3 ಮಿ.ಮೀ. ತೂತು ಕೊರೆಯಬೇಕು. ಚೂಪು ತುದಿ ಇರುವವರೆಗೂ ಏಟಿನ ಒತ್ತಡವೆಲ್ಲ ಅಲ್ಲೇ ಸೇರಿ ಬಿರುಕು ಮುಂದಕ್ಕೆ ಓಡುತ್ತದೆ, ಗುಂಡನೆಯ ತೂತು ಸಿಕ್ಕರೆ ಒತ್ತಡ ಹರಡಿ ಹೋಗುತ್ತದೆ. ಅಂಚಿನ ಬಿರುಕಾಗಿದ್ದರೆ ಅಷ್ಟು ಭಾಗವನ್ನು ಅರ್ಧಚಂದ್ರದ ಹಾಗೆ ಕತ್ತರಿಸಿ ಅರದಿಂದ ಉಜ್ಜಿ ನಯ ಮಾಡಬಹುದಿತ್ತು. ಕೈಗಾರಿಕಾ ಪ್ರದೇಶದಲ್ಲಿ ಪರಿಚಯದ ಲೇತ್ ಅಂಗಡಿ ಇದೆ, ನಿಧಾನವಾಗಿ, ಕಾಯದಂತೆ ಕೊರೆದು ಕೊಡುತ್ತಾರೆ. ಆದರೆ ನಾನು ಒಂದೇ ಒಂದು ತೂತು ಕೊರೆಸಿದರೂ ನಿಮ್ಮ ಕಾರ್ಡಿನ ಪ್ರಕಾರ ವಾರಂಟಿ ಅಲ್ಲಿಗೆ ಮುಗಿಯಿತು. ಕೊರೆಸದೆ ಬಾರಿಸಿದರೆ ಬಿರುಕು ಬೆಳೆಯುತ್ತದೆ. ಆಮೇಲೆ ನೀವೇ, 'ನೋಡಿ, ಒಡೆದ ಮೇಲೂ ಬಾರಿಸಿದ್ದೀರಿ' ಅನ್ನುತ್ತೀರಿ. ಬಾರಿಸದೆ ಸುಮ್ನೆ ಇಡೋಣ ಅಂದರೆ ಜಾತ್ರೆ ಸೀಸನ್. ಬೇರೆಯವರ ಕ್ರ್ಯಾಶನ್ನು ಬಾಡಿಗೆಗೆ ತಂದು ಕಾರ್ಯಕ್ರಮ ಮಾಡುತ್ತಿದ್ದೇನೆ, ಬಂದ ಸಂಭಾವನೆಯಲ್ಲಿ ಅದಕ್ಕೂ ಒಂದು ಪಾಲು.

ಕೊನೆಗೆ ಉಳಿಯುವ ದಾರಿಗಳೂ ಅಷ್ಟಕ್ಕಷ್ಟೇ. ಬಿರುಕಿನ ಒಳಗಿನಿಂದ ಸುತ್ತಲೂ ಕತ್ತರಿಸಿದರೆ 9 ಇಂಚಿನ ಸ್ಪ್ಲ್ಯಾಶ್ ಎಂಬ ಸಣ್ಣ ಸಿಂಬಲ್ ಆಗುತ್ತದೆ. ಒಡೆದದ್ದನ್ನು ಇನ್ನೊಂದು ಸಿಂಬಲಿನ ಮೇಲೆ ಕೂರಿಸಿದರೆ ಛಕ್ ಎಂದು ಥಟ್ಟನೆ ನಿಲ್ಲುವ ಸದ್ದು ಬರುತ್ತದೆ, ಕೆಲವು ಹಾಡಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಗುಜರಿಗೆ ಹಾಕಿದರೆ ಒಂದು ಕೆಜಿ ಆಸುಪಾಸು ತೂಗುತ್ತದೆ, ಅವನು ಕಂಚನ್ನೂ ಹಿತ್ತಾಳೆ ರೇಟಿಗೇ ಕೇಳುತ್ತಾನೆ. ಹಳೇ ಸಿಂಬಲಿಗೆ ಇವೆಲ್ಲ ಸರಿ. ವಾರಂಟಿಯಲ್ಲಿರುವ ಹೊಸದಕ್ಕೆ ನಾನ್ಯಾಕೆ ಈ ದಾರಿ ಹಿಡಿಯಲಿ?

ಆದ್ದರಿಂದ ನಿಮ್ಮ ಖರ್ಚಿನಲ್ಲಿ ಕೊರಿಯರ್ ಕಳಿಸಿ ಸಿಂಬಲ್ ತರಿಸಿಕೊಳ್ಳಿ. ಲೋಹ ಗೊತ್ತಿರುವ ಒಬ್ಬರಿಂದ ಪರೀಕ್ಷೆ ಮಾಡಿಸಿ. ದೋಷ ನಿಮ್ಮದಾದರೆ ಅದೇ ಮಾದರಿಯ ಹೊಸದು ಕೊಡಿ, ಇಲ್ಲವೇ ದುಡ್ಡು ವಾಪಸ್ ಮಾಡಿ. ನನ್ನದೇ ತಪ್ಪು ಅನ್ನುವುದಾದರೆ ಯಾವ ಗುರುತು ನೋಡಿ ಹಾಗೆ ಹೇಳುತ್ತೀರಿ ಅಂತ ಬರೆದು ಕೊಡಿ. ಇದ್ಯಾವುದಕ್ಕೂ ತಿಂಗಳುಗಟ್ಟಲೆ ಬೇಕು ಅನ್ನುವುದಾದರೆ, ತೂತು ಕೊರೆಸಿದರೂ ವಾರಂಟಿ ಹೋಗುವುದಿಲ್ಲ ಎಂದು ಒಂದು ಸಾಲು ಬರೆದು ಕಳಿಸಿ. ನಾನು ಕೊರೆಸಿಕೊಂಡು ಬಾರಿಸುತ್ತೇನೆ, ನೀವು ನಿಧಾನವಾಗಿ ಯೋಚನೆ ಮಾಡಿ.

ಆನ್‌ಲೈನ್‌ನಲ್ಲಿ ಮಾರುವವರು ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತ 2020ರ ಇ-ಕಾಮರ್ಸ್ ನಿಯಮಗಳಲ್ಲಿ ಇದೆ. ಆಗದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಕಾಯ್ದೆಯಲ್ಲಿ ನಾನಿರುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆ ಓಡಾಟ ನಿಮಗೂ ಬೇಡ, ನನಗೂ ಬೇಡ.

ಸಿಂಬಲನ್ನು ಬಟ್ಟೆಯಲ್ಲಿ ಸುತ್ತಿ, ನೀವು ಕಳಿಸಿದ ಡಬ್ಬದಲ್ಲೇ ಇಟ್ಟಿದ್ದೇನೆ. ಕೊರಿಯರ್‌ನವರನ್ನು ಬೆಳಿಗ್ಗೆ ಕಳಿಸಿ, ಮಧ್ಯಾಹ್ನದ ಮೇಲೆ ನಾನು ಮನೆಯಲ್ಲಿ ಸಿಗುವುದು ಕಷ್ಟ.

ಇಂತಿ,
ನಿಮ್ಮ ಗ್ರಾಹಕ
ಹಾಸನ

ಲಗತ್ತು: ಬಿಲ್ ಮತ್ತು ವಾರಂಟಿ ಕಾರ್ಡಿನ ಪ್ರತಿ, ಅಂಚು, ನಡುವಿನ ತೂತು, ಬಿರುಕು ಮತ್ತು ಕುಳಿಯ ಫೋಟೊಗಳು